ಕಥೆ ಖೇಣಿಗೋ, ಕ್ರಯಕ್ಕೋ?

ಹೋದ ವರ್ಷ ಶ್ರಾವಣದಲ್ಲಿ ಒಂದು ಬೆಳಿಗ್ಗೆ ಆರೂವರೆಗೆ ಚನ್ನಗಿರಿಯವಳು ನಮ್ಮ ವಾಟ್ಸ್‌ಆ್ಯಪ್ ಗುಂಪಿಗೆ ಒಂದು ಸ್ಕ್ರೀನ್‌ಶಾಟ್ ಹಾಕಿದಳು. ‘ನಿಮ್ಮ ಕಥೆ ಪ್ರಕಟಣೆಗೆ ಆಯ್ಕೆಯಾಗಿದೆ. ಲಗತ್ತಿಸಿರುವ ಪತ್ರಕ್ಕೆ ಸಹಿ ಮಾಡಿ ಮೂರು ದಿನದೊಳಗೆ ಕಳುಹಿಸಿ.’ ಕೆಳಗೆ ಪತ್ರಿಕೆಯ ಹೆಸರು. ನಾವೆಲ್ಲ ಕಾಲೇಜಿನ ಲೈಬ್ರರಿಯಲ್ಲಿ ಸರದಿ ಹಾಕಿಕೊಂಡು ಓದುತ್ತಿದ್ದ ಪತ್ರಿಕೆ ಅದು. ಏಳು ಗಂಟೆಯೊಳಗೆ ಹೂಗುಚ್ಛ, ಚಪ್ಪಾಳೆ, ಹೃದಯ ಎಲ್ಲ ಬಿದ್ದವು. ಲಗತ್ತಿಸಿದ ಪತ್ರವನ್ನು ಮಾತ್ರ ನಾವು ಯಾರೂ ತೆರೆಯಲಿಲ್ಲ.

ತೆರೆಸಿದ್ದು ಅವಳ ಅಪ್ಪ. ಅವರಿಗೆ ಸಾಹಿತ್ಯದ ಗೋಜಿಲ್ಲ. ದುಡ್ಡು ಎಷ್ಟು ಕೊಡ್ತಾರೆ ಅಂತ ತಿಳಿಯಬೇಕಿತ್ತು, ಅಷ್ಟೇ. ಎರಡು ಪುಟದ ಇಂಗ್ಲಿಷ್ ಪಿಡಿಎಫ್. ಗೌರವಧನ ಒಂದು ಸಾವಿರ ರೂಪಾಯಿ ಎಂಬುದು ಮೂರನೇ ಸಾಲಿನಲ್ಲೇ ಇತ್ತು. ಅದರ ಕೆಳಗಿನದ್ದನ್ನೂ ಓದಿ ಹೇಳು ಅಂದರು. ‘ಆಲ್ ರೈಟ್ಸ್, ಇನ್ ಆಲ್ ಮೀಡಿಯಾ, ಥ್ರೂಔಟ್ ದ ವರ್ಲ್ಡ್, ಇನ್ ಪರ್ಪೆಚುಯಿಟಿ’ ಎಂಬ ಸಾಲಿಗೆ ಬಂದಾಗ ಚನ್ನಗಿರಿಯವಳು ತಡವರಿಸಿ, “ಎಲ್ಲ ಹಕ್ಕೂ, ಎಲ್ಲ ಕಡೆಗೂ, ಶಾಶ್ವತವಾಗಿ ಅಂತ ಅಪ್ಪಾಜಿ” ಎಂದಳಂತೆ.

“ಎಷ್ಟು ವರ್ಷಕ್ಕೆ ಅಂತಿಲ್ವಾ?”

“ಶಾಶ್ವತ ಅಂತಿದೆ.”

“ಹಂಗಾದ್ರೆ ಇದು ಖೇಣಿ ಅಲ್ಲ ಬಿಡು ತಾಯಿ. ಕ್ರಯ.”

ಅಡಿಕೆ ಸೀಮೆಯವರಲ್ಲದವರಿಗೆ ಈ ಮಾತು ಸ್ವಲ್ಪ ಬಿಡಿಸಿ ಹೇಳಬೇಕು. ಚನ್ನಗಿರಿ ಕಡೆ ತೋಟದವರೆಲ್ಲ ತಾವೇ ಕೊನೆ ಇಳಿಸಿ, ಸುಲಿಸಿ, ಬೇಯಿಸಿ, ಒಣಗಿಸುವುದಿಲ್ಲ. ಮರದ ಮೇಲಿನ ಫಸಲನ್ನು ಖೇಣಿದಾರನಿಗೆ ಕೊಡುತ್ತಾರೆ. ಹಸಿ ಅಡಿಕೆ ಕ್ವಿಂಟಲ್‌ಗೆ ಇಷ್ಟು ಕೆಜಿ ಒಣ ಅಡಿಕೆ ಎಂದೋ, ಇಷ್ಟು ದುಡ್ಡು ಎಂದೋ ಮಾತಾಗುತ್ತದೆ. ಖೇಣಿದಾರ ಬಂದು ಆ ವರ್ಷದ ಕೊಯ್ಲು ಮುಗಿಸಿಕೊಂಡು ಹೋಗುತ್ತಾನೆ. ಮರ ನಿಮ್ಮದು, ಮಣ್ಣು ನಿಮ್ಮದು, ಪಹಣಿಯಲ್ಲಿ ಹೆಸರು ನಿಮ್ಮದು. ಮುಂದಿನ ವರ್ಷ ಅವನಿಗೇ ಕೊಡುತ್ತೀರೋ ಬೇರೆಯವನಿಗೋ ನಿಮಗೆ ಬಿಟ್ಟದ್ದು. ಕ್ರಯ ಹಾಗಲ್ಲ. ಸಬ್ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಹೆಬ್ಬೆಟ್ಟು ಒತ್ತಿ ಬಂದರೆ ಆಮೇಲೆ ಬಿದ್ದ ಹಾಳೆ ಎತ್ತಿಕೊಳ್ಳಲೂ ಅವರನ್ನು ಕೇಳಬೇಕು.

ಒಂದು ಸಾವಿರಕ್ಕೆ ತೋಟ ಬರೆದುಕೊಡ್ತೀಯಾ ಎಂದು ಅಪ್ಪ ಕೇಳಿದ್ದನ್ನು ಅವಳು ಗುಂಪಿನಲ್ಲಿ ಹಾಕಿದಾಗ ನಾವು ನಕ್ಕೆವು. ಆಮೇಲೆ ಪಿಡಿಎಫ್ ತೆರೆದೆವು. ಆಮೇಲೆ ನಗು ಬರಲಿಲ್ಲ. ಯಾಕೆಂದರೆ ಅವಳ ಹತ್ತಿರ ಇರುವುದು ಒಟ್ಟು ಒಂಬತ್ತು ಕಥೆ. ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಕೊಡುವ ಪ್ರೋತ್ಸಾಹಧನಕ್ಕೆ ಅರ್ಜಿ ಹಾಕಬೇಕೆಂದು ಎರಡು ವರ್ಷದಿಂದ ಅವನ್ನು ತಿದ್ದುತ್ತಿದ್ದಾಳೆ. ಆಯ್ಕೆಯಾದ ಕಥೆ ಆ ಒಂಬತ್ತರಲ್ಲಿ ಅತ್ಯುತ್ತಮವಾದದ್ದು. ಸಂಕಲನದ ಹೆಸರೂ ಅದರದ್ದೇ. ಸಹಿ ಹಾಕಿದರೆ ಅವಳ ಪುಸ್ತಕಕ್ಕೆ ಅವಳದೇ ಕಥೆಯನ್ನು ಬೇಡಿ ತರಬೇಕು. ಹಾಕದಿದ್ದರೆ ಹತ್ತು ವರ್ಷದಿಂದ ಕಾದ ಪತ್ರಿಕೆಯಲ್ಲಿ ಕಥೆ ಬರುವುದಿಲ್ಲ. ಮೂರು ದಿನ ಟೈಮು.

ನಾವು ಅಂದರೆ ಯಾರು ಎಂದು ಹೇಳಲಿಲ್ಲ. ಪತ್ರಿಕೋದ್ಯಮ ಎಂ.ಎ.ಯಲ್ಲಿ ಒಂದೇ ಬ್ಯಾಚಿನ ನಾಲ್ವರು. ಹಾಸ್ಟೆಲ್ ದಿನಗಳಿಂದಲೂ ಒಬ್ಬರನ್ನೊಬ್ಬರು ಊರಿನ ಹೆಸರಿನಿಂದಲೇ ಕರೆಯುವುದು: ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು. ನಾಲ್ಕೂ ಈಗ ದಾವಣಗೆರೆ ಜಿಲ್ಲೆಯವೇ ಆದರೂ ಒಂದೇ ಮನೆಯ ಮಕ್ಕಳಲ್ಲ. 1997ರಲ್ಲಿ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ ಬಂತು. ನ್ಯಾಮತಿ ಮೊನ್ನೆ ಮೊನ್ನೆಯವರೆಗೆ ಹೊನ್ನಾಳಿಯ ಒಳಗೇ ಇತ್ತು, ಈಗ ಪ್ರತ್ಯೇಕ ತಾಲ್ಲೂಕು. ಇದನ್ನು ಹೊನ್ನಾಳಿಯವನಿಗೆ ನೆನಪಿಸುವುದು ನ್ಯಾಮತಿಯವನ ನಿತ್ಯದ ಕೆಲಸ. ಒಂದು ಕಡೆ ನೀರು, ಅಡಿಕೆ, ಭತ್ತ. ಇನ್ನೊಂದು ಕಡೆ ಮಳೆ ಬಂದರೆ ಮೆಕ್ಕೆಜೋಳ, ಇಲ್ಲದಿದ್ದರೆ ಬರ ಪರಿಹಾರದ ಪಟ್ಟಿ.

ನಾಚಿಕೆಯ ವಿಷಯ ಏನೆಂದರೆ ನಾವು ನಾಲ್ವರೂ ಪತ್ರಿಕಾ ಕಾನೂನು ಎಂಬ ವಿಷಯ ಓದಿ ಪಾಸಾದವರು. 1957ರ ಕೃತಿಸ್ವಾಮ್ಯ ಕಾಯ್ದೆಯ ಮೇಲೆ ಹತ್ತು ಅಂಕದ ಪ್ರಶ್ನೆಗೆ ಮೂರು ಪುಟ ಉತ್ತರ ಬರೆದಿದ್ದೇವೆ. ಲೇಖಕ ಬದುಕಿರುವವರೆಗೆ ಮತ್ತು ಸತ್ತ ಮೇಲೆ 60 ವರ್ಷ ಎಂದು ಕಂಠಪಾಠ. ಆದರೆ ಅದು ಬೇರೆಯವರ ವಿಷಯ ಎಂದುಕೊಂಡಿದ್ದೆವು. ನಮ್ಮ ಕಥೆ, ಕವಿತೆಗೂ ಅದಕ್ಕೂ ಸಂಬಂಧ ಇದೆ ಎಂದು ಹೊಳೆದದ್ದು ಒಬ್ಬೊಬ್ಬರಾಗಿ ಪೆಟ್ಟು ತಿಂದ ಮೇಲೆ. ಆ ಪೆಟ್ಟುಗಳನ್ನೂ ನಾವು ಅಲ್ಲಿಯವರೆಗೆ ಬಿಡಿಬಿಡಿಯಾಗಿ ನೋಡಿದ್ದೆವೇ ಹೊರತು ಎಲ್ಲವೂ ಒಂದೇ ಗಂಟು ಎಂದು ತಿಳಿದಿರಲಿಲ್ಲ.

ಮೊದಲ ಪೆಟ್ಟು ಜಗಳೂರಿನವಳದು. ಒಂದೇ ಕವಿತೆಯನ್ನು ಎರಡು ಪತ್ರಿಕೆಗೆ ಕಳಿಸಿದ್ದಳು. ನಾಲ್ಕು ತಿಂಗಳು ಇಬ್ಬರಿಂದಲೂ ಸುದ್ದಿಯಿಲ್ಲ. ಆಮೇಲೆ ಒಂದೇ ಭಾನುವಾರ ಎರಡರಲ್ಲೂ ಬಂತು. ಅವಳಿಗೆ ಖುಷಿಯೋ ಖುಷಿ, ನಮಗೂ ಅಷ್ಟೇ. ಸೋಮವಾರ ಒಬ್ಬ ಸಂಪಾದಕರು ಫೋನ್ ಮಾಡಿ, “ಅಮ್ಮಾ, ನೀವು ಪತ್ರಿಕೋದ್ಯಮ ಓದಿದವರು, ನಿಮಗೂ ಹೇಳಬೇಕಾ?” ಎಂದರಂತೆ. ಮತ್ತೇನೂ ಬೈಯಲಿಲ್ಲ. ಅದಾದ ಮೇಲೆ ಆ ಪತ್ರಿಕೆಯಲ್ಲಿ ಅವಳ ಒಂದು ಸಾಲೂ ಬಂದಿಲ್ಲ. ‘ಬೇರೆಲ್ಲೂ ಕಳುಹಿಸಿರಬಾರದು’ ಎಂಬ ಸಾಲನ್ನು ಅವಳು ಓದಿರಲಿಲ್ಲ ಎಂದಲ್ಲ. ಕಳುಹಿಸುವಾಗ ಎರಡೂ ಕಡೆ ತಿರಸ್ಕಾರವೇ ಆಗುತ್ತದೆ ಎಂಬ ನಂಬಿಕೆಯಿತ್ತು. ನಮ್ಮಂಥ ಊರುಗಳಿಂದ ಬರೆಯುವವರಿಗೆ ಈ ನಂಬಿಕೆ ಹುಟ್ಟಿನಿಂದ ಬಂದದ್ದು. ಒಪ್ಪಿಕೊಂಡರೆ ಏನು ಮಾಡಬೇಕು ಎಂದು ಯೋಚಿಸಿಯೇ ಇರುವುದಿಲ್ಲ.

ಹಾಗಂತ ಇಡೀ ಜಗತ್ತಿನಲ್ಲಿ ಇದೇ ನಿಯಮ ಎಂದಲ್ಲ. ಇಂಗ್ಲಿಷಿನ ಬಹಳಷ್ಟು ಸಾಹಿತ್ಯ ಪತ್ರಿಕೆಗಳು ಏಕಕಾಲಕ್ಕೆ ಹಲವು ಕಡೆ ಕಳಿಸಲು ಬಿಡುತ್ತವೆ. ಒಂದು ಕಡೆ ಆಯ್ಕೆಯಾದ ತಕ್ಷಣ ಉಳಿದವರಿಗೆ ತಿಳಿಸಿ ವಾಪಸ್ ಪಡೆದುಕೊಳ್ಳಿ ಎಂದಷ್ಟೇ ಅವರ ಷರತ್ತು. ಇದನ್ನೂ ಜಗಳೂರಿನವಳೇ ಕಂಡುಹಿಡಿದಳು. ತನ್ನದೇ ಒಂದು ಕವಿತೆಯನ್ನು ಇಂಗ್ಲಿಷಿಗೆ ಮಾಡಿ ಅಮೆರಿಕದ ಒಂದು ಪತ್ರಿಕೆಗೆ ಕಳಿಸಲು ಹೊರಟಾಗ ಅವರ ನಿಯಮದಲ್ಲಿ ‘ಫಸ್ಟ್ ನಾರ್ತ್ ಅಮೆರಿಕನ್ ಸೀರಿಯಲ್ ರೈಟ್ಸ್’ ಎಂದಿತ್ತು. ರಾತ್ರಿ ಹನ್ನೊಂದಕ್ಕೆ ಗುಂಪಿನಲ್ಲಿ ಕೇಳಿದಳು: “ಸೀರಿಯಲ್ ಅಂದ್ರೆ? ನನ್ನ ಬೋರ್‌ವೆಲ್ ಕವಿತೇನ ಇವರು ಧಾರಾವಾಹಿ ಮಾಡ್ತಾರಾ?” ನ್ಯಾಮತಿಯವನು ಆಗಲೇ ಶೀರ್ಷಿಕೆ ಗೀತೆ ಬರೆಯಲು ಶುರು ಮಾಡಿದ್ದ. ಮರುದಿನ ನಿಘಂಟು ನೋಡಿ ಗೊತ್ತಾಯಿತು: ಅಲ್ಲಿ ಸೀರಿಯಲ್ ಎಂದರೆ ನಿಯತಕಾಲಿಕ. ವಾರಕ್ಕೋ ತಿಂಗಳಿಗೋ ಬರುವ ಪತ್ರಿಕೆ. ಆ ಖಂಡದಲ್ಲಿ, ಪತ್ರಿಕೆಯಲ್ಲಿ, ಮೊದಲ ಬಾರಿಗೆ ಅಚ್ಚು ಹಾಕುವ ಹಕ್ಕು ನಮಗೆ ಕೊಡಿ, ಉಳಿದದ್ದೆಲ್ಲ ನಿಮ್ಮಲ್ಲೇ ಇರಲಿ ಎಂದು ಅದರ ಅರ್ಥ. ಅಷ್ಟು ಭಯಂಕರವಾಗಿ ಕಾಣುವ ಸಾಲು ನಿಜಕ್ಕೂ ಲೇಖಕರ ಪರವಾದದ್ದು. ಚನ್ನಗಿರಿಯ ಅಪ್ಪನ ಲೆಕ್ಕದಲ್ಲಿ ಅಪ್ಪಟ ಖೇಣಿ.

ನ್ಯಾಮತಿಯವನ ಪೆಟ್ಟಿಗೆ ನಾವೂ ಕಾರಣ. ಅವನ ಒಂದು ಕಥೆ ಓದಿ ನಮಗೆ ತಡೆಯಲಾಗದೆ ಫೇಸ್‌ಬುಕ್‌ನಲ್ಲಿ ಹಾಕು, ಹಾಕು ಎಂದೆವು. ಹಾಕಿದ. ನಾವು ಮೂವರೂ ಹಂಚಿದೆವು. ಆರು ತಿಂಗಳ ನಂತರ ಅದೇ ಕಥೆಯನ್ನು ತಿದ್ದಿ ಒಂದು ಸ್ಪರ್ಧೆಗೆ ಕಳಿಸಿದ. ಅಂತಿಮ ಸುತ್ತಿಗೆ ಬಂತು ಎಂದು ಫೋನ್ ಬಂತು. ಎರಡು ವಾರಕ್ಕೆ ಇನ್ನೊಂದು ಫೋನ್: ಯಾರೋ ಹಳೆಯ ಪೋಸ್ಟ್ ತೋರಿಸಿದ್ದಾರೆ, ‘ಸಾಮಾಜಿಕ ಜಾಲತಾಣವೂ ಸೇರಿದಂತೆ ಎಲ್ಲೂ ಪ್ರಕಟವಾಗಿರಬಾರದು’ ಎಂಬುದು ನಿಯಮ, ಕ್ಷಮಿಸಿ. ನಮಗೆ ಪ್ರಕಟಣೆ ಎಂದರೆ ಕಾಗದ, ಶಾಯಿ, ಅಚ್ಚು. ಅವರಿಗೆ ಸಾರ್ವಜನಿಕರು ಓದುವಂತೆ ಇಟ್ಟದ್ದೆಲ್ಲ ಪ್ರಕಟಣೆ. ನಿಯಮದ ಮಟ್ಟಿಗೆ ಅವರದೇ ಸರಿ. ಮೊದಲ ಕೊಯ್ಲು ಆಗಿಹೋಗಿತ್ತು. ಆ ಕಥೆಯನ್ನು ಎಷ್ಟು ಜನ ಓದಿದ್ದರು ಎಂದು ಕೇಳಬೇಡಿ. ನಲವತ್ತೊಂದು ಲೈಕ್, ಅದರಲ್ಲಿ ನಾವೇ ಮೂವರು.

ಇವನದೇ ಇನ್ನೊಂದಿದೆ. ‘ರಾಜ್ಯಮಟ್ಟದ ಪ್ರಾತಿನಿಧಿಕ ಕವನ ಸಂಕಲನ’ಕ್ಕೆ ಆಯ್ಕೆಯಾಗಿದ್ದೀರಿ, 600 ರೂಪಾಯಿ ಫೋನ್‌ಪೇ ಮಾಡಿ, ಎರಡು ಪ್ರತಿ ಮತ್ತು ಪ್ರಶಸ್ತಿಪತ್ರ ಕಳಿಸುತ್ತೇವೆ ಎಂಬ ಮೆಸೇಜಿಗೆ ದುಡ್ಡು ಹಾಕಿದ್ದ. ಪ್ರಶಸ್ತಿಪತ್ರ ಮೊಬೈಲಿಗೆ ಬಂತು, ಹೆಸರಿನಲ್ಲಿ ಅರ್ಕಾವತ್ತು ತಪ್ಪಿತ್ತು. ನುಡಿಯಿಂದ ಯುನಿಕೋಡ್‌ಗೆ ಬದಲಿಸುವಾಗ ಆದದ್ದಿರಬೇಕು. ಪುಸ್ತಕ ಇನ್ನೂ ಬಂದಿಲ್ಲ. ಇದರಲ್ಲಿ ಹಕ್ಕಿನ ಪ್ರಶ್ನೆಯೇ ಇಲ್ಲ, ಇದು ಬರೀ ವ್ಯಾಪಾರ. ಆಯ್ಕೆ ಎಂಬ ಪದವನ್ನು ಇಂಥವರು ಬಳಸುವುದನ್ನು ಕಂಡರೆ ಮಾತ್ರ ನಮಗೆ ಸಿಟ್ಟು ಬರುತ್ತದೆ.

ಹೊನ್ನಾಳಿಯವನದು ಎಲ್ಲಕ್ಕಿಂತ ದೊಡ್ಡದು, ಅವನು ಹೇಳಿಕೊಂಡದ್ದು ಎಲ್ಲರಿಗಿಂತ ಕಡಿಮೆ. 2018ರಲ್ಲಿ ತುಂಗಭದ್ರೆಯ ದಡದ ಒಂದು ದೋಣಿಯ ಮೇಲೆ ಬರೆದ ಕಥೆಗೆ ಒಂದು ಸ್ಪರ್ಧೆಯಲ್ಲಿ ಬಹುಮಾನ ಬಂತು, ಪತ್ರಿಕೆಯಲ್ಲೂ ಬಂತು. ಅವನ ಅಮ್ಮ ಆ ಸಂಚಿಕೆಯನ್ನು ದೇವರ ಗೂಡಿನಲ್ಲಿ ಇಟ್ಟಿದ್ದಾರೆ. 2021ರಲ್ಲಿ ನದಿಗಳ ಕುರಿತ ಕಥೆಗಳ ಸಂಕಲನ ಮಾಡುತ್ತಿದ್ದ ಪ್ರಕಾಶಕರೊಬ್ಬರು ಆ ಕಥೆ ಕೇಳಿದರು. ಸ್ಪರ್ಧೆಯ ನಿಯಮದಲ್ಲಿ ‘ಬಹುಮಾನಿತ ಕಥೆಗಳ ಹಕ್ಕು ಪತ್ರಿಕೆಗೆ ಸೇರಿದ್ದು’ ಎಂದಿದ್ದದ್ದು ಇವನಿಗೆ ನೆನಪಿತ್ತು. ನಿಯತ್ತಿನ ಮನುಷ್ಯ, ಅನುಮತಿ ಕೇಳಿ ಮೂರು ಮೇಲ್ ಕಳಿಸಿದ. ಉತ್ತರವಿಲ್ಲ. ಪ್ರಕಾಶಕರು ಒಂದು ತಿಂಗಳು ಕಾದು ಬೇರೆಯವರ ಕಥೆ ಹಾಕಿಕೊಂಡರು. ಆಮೇಲೆ ಅವನು ಕಥೆ ಬರೆದಿಲ್ಲ. ಬರೀ ತಾಲ್ಲೂಕಿನ ಸುದ್ದಿ ಬರೆಯುತ್ತಾನೆ. ಅದಕ್ಕೂ ಇದಕ್ಕೂ ಸಂಬಂಧವಿಲ್ಲ ಎನ್ನುತ್ತಾನೆ. ನಾವು ನಂಬುವುದಿಲ್ಲ.

ಚನ್ನಗಿರಿಯವಳ ಪಿಡಿಎಫ್ ಬಂದ ಮರುದಿನ ನಾಲ್ವರೂ ದಾವಣಗೆರೆಯಲ್ಲಿ ಸೇರಿದೆವು. ನಾಲ್ಕೂ ಊರಿಂದ ಬಸ್ಸು ಸಿಗುವ ಜಾಗ ಅದೊಂದೇ. ಬೆಣ್ಣೆದೋಸೆ ತಿನ್ನುತ್ತಾ ಕಾಯ್ದೆ ಓದುವುದು ಕಷ್ಟ, ಫೋನಿನ ಪರದೆಯೆಲ್ಲ ಜಿಡ್ಡಾಗುತ್ತದೆ. ಹೊನ್ನಾಳಿಯವನು ತನ್ನ ಸೋದರಮಾವನನ್ನೂ ಕರೆದುಕೊಂಡು ಬಂದಿದ್ದ. ಅವರು ವಕೀಲರು, ಜಮೀನಿನ ವ್ಯಾಜ್ಯಗಳೇ ಹೆಚ್ಚು. “ಇದು ನನ್ನ ಸಬ್ಜೆಕ್ಟ್ ಅಲ್ಲ ಕಣ್ರಪ್ಪಾ. ಆದರೆ ಆಸ್ತಿ ಆಸ್ತಿಯೇ” ಎಂದು ಕನ್ನಡಕ ಹಾಕಿಕೊಂಡರು. ಅಂದು ಎರಡು ತಾಸಿನಲ್ಲಿ ಕಲಿತದ್ದು ನಮ್ಮ ಎರಡು ವರ್ಷದ ಎಂ.ಎ.ಯಲ್ಲಿ ಕಲಿತಿರಲಿಲ್ಲ.

ಕಥೆ ಬರೆದು ಮುಗಿಸಿದ ಕ್ಷಣದಿಂದಲೇ ಕೃತಿಸ್ವಾಮ್ಯ ಬರೆದವರದು. ನೋಂದಣಿ ಕಡ್ಡಾಯವಲ್ಲ. ತನ್ನ ಕವಿತೆಗಳನ್ನು ತನಗೇ ಅಂಚೆಯಲ್ಲಿ ಕಳಿಸಿಕೊಂಡು ಲಕೋಟೆ ಒಡೆಯದೆ ಇಟ್ಟಿದ್ದ ನ್ಯಾಮತಿಯವನಿಗೆ ಇದನ್ನು ಕೇಳಿ ನಿರಾಸೆಯಾಯಿತು. ಐಎಸ್‌ಬಿಎನ್ ಇದ್ದರೆ ಹಕ್ಕು ಬಂತು ಎಂದು ತಿಳಿದವರೂ ನಮ್ಮಲ್ಲಿದ್ದರು, ಯಾರೆಂದು ಹೇಳುವುದಿಲ್ಲ. ಅದು ಪುಸ್ತಕವನ್ನು ಗುರುತಿಸುವ ಸಂಖ್ಯೆ, ಅಷ್ಟೇ. ಇನ್ನು ಹಕ್ಕು ಒಂದು ಇಡೀ ಗಡ್ಡೆಯಲ್ಲ. ಪತ್ರಿಕೆಯಲ್ಲಿ ಅಚ್ಚು ಹಾಕುವುದು ಬೇರೆ, ಪುಸ್ತಕ ಮಾಡುವುದು ಬೇರೆ, ಅನುವಾದ ಬೇರೆ, ಸಿನಿಮಾ ಬೇರೆ, ಈಗ ಆಡಿಯೊ ಬೇರೆ. ಒಂದೊಂದನ್ನೂ ಒಬ್ಬೊಬ್ಬರಿಗೆ ಕೊಡಬಹುದು. ಕೊಡುವುದರಲ್ಲೂ ಎರಡು ಬಗೆ: ಒಡೆತನವನ್ನೇ ವರ್ಗಾಯಿಸುವುದು, ಇಲ್ಲವೇ ಒಡೆತನ ಇಟ್ಟುಕೊಂಡು ಬಳಸಲು ಪರವಾನಗಿ ಕೊಡುವುದು. ಜಗಳೂರಿನವಳು ತಕ್ಷಣ, “ನಮ್ಮ ಕಡೆ ಹೊಲಾನ ಕೋರಿಗೆ ಹಾಕಿದ ಹಂಗೆ” ಎಂದಳು. ವಕೀಲರು ಹೌದೆಂದರು. ಪರವಾನಗಿ ಒಬ್ಬರಿಗೇ ಮೀಸಲಾಗಿರಬಹುದು, ಹಲವರಿಗೂ ಕೊಡುವಂಥದ್ದಾಗಿರಬಹುದು. ಎರಡನೆಯದನ್ನೇ ಇಂಗ್ಲಿಷ್ ಪತ್ರಗಳಲ್ಲಿ ನಾನ್-ಎಕ್ಸ್‌ಕ್ಲೂಸಿವ್ ಎನ್ನುವುದು. ಆ ‘ನಾನ್’ ಇದೆಯೋ ಇಲ್ಲವೋ ಎಂದು ಬೆರಳಿಟ್ಟು ನೋಡಿ ಎಂದರು.

ನಮ್ಮನ್ನು ಹೆಚ್ಚು ಹಿಡಿದು ನಿಲ್ಲಿಸಿದ್ದು ಕಾಯ್ದೆಯ 19ನೇ ಕಲಂ. ಲಿಖಿತವಾಗಿ, ಕೊಡುವವರ ಸಹಿಯೊಂದಿಗೆ ಇದ್ದರೆ ಮಾತ್ರ ಹಕ್ಕಿನ ವರ್ಗಾವಣೆ ಊರ್ಜಿತ. ಯಾವ ಕೃತಿ, ಯಾವ ಹಕ್ಕು, ಎಷ್ಟು ಕಾಲ, ಯಾವ ಪ್ರದೇಶ ಎಂದು ಅದರಲ್ಲಿ ಹೇಳಿರಬೇಕು. ಕಾಲ ಹೇಳಿರದಿದ್ದರೆ ಐದು ವರ್ಷ ಎಂದು ತಿಳಿಯಬೇಕು. ಪ್ರದೇಶ ಹೇಳಿರದಿದ್ದರೆ ಭಾರತದೊಳಗೆ ಮಾತ್ರ. ಪಡೆದ ಹಕ್ಕನ್ನು ಒಂದು ವರ್ಷದೊಳಗೆ ಬಳಸದೇ ಹೋದರೆ, ಪತ್ರದಲ್ಲಿ ಬೇರೆ ಮಾತು ಇಲ್ಲದಿದ್ದರೆ, ಆ ಹಕ್ಕಿನ ವರ್ಗಾವಣೆಯೇ ಬಿದ್ದುಹೋಗುತ್ತದೆ.

ಹೊನ್ನಾಳಿಯವನು ದೋಸೆ ತಿನ್ನುವುದನ್ನು ನಿಲ್ಲಿಸಿದ.

“ನೀನು ಸಹಿ ಹಾಕಿದ್ದೆಯಾ?” ಮಾವ ಕೇಳಿದರು. ಸ್ವಂತ ರಚನೆ ಎಂಬ ದೃಢೀಕರಣದಲ್ಲಿ ‘ನಿಯಮಗಳಿಗೆ ಬದ್ಧನಾಗಿದ್ದೇನೆ’ ಎಂದು ಸಹಿ ಹಾಕಿದ್ದ. “ಹಂಗಾದ್ರೆ ಸಹಿಯೇ ಇಲ್ಲ ಅಂತ ವಾದ ಮಾಡೋಕೆ ಆಗಲ್ಲ. ಆದ್ರೆ ನಿಯಮದಲ್ಲಿ ಎಷ್ಟು ವರ್ಷ ಅಂತಿತ್ತು?” ಇರಲಿಲ್ಲ. “2018. ಐದು ಕೂಡಿಸು. ಪುಸ್ತಕ ಮಾಡಿದ್ರಾ ಅವರು?” ಇಲ್ಲ. “ಮತ್ತೆ ಏನಕ್ಕೆ ಆಕಾಶ ತಲೆ ಮೇಲೆ ಬಿದ್ದವನ ಥರ ಕೂತಿದೀಯಾ ಇಷ್ಟು ವರ್ಷ?” ಇದು ತನ್ನ ಓದು, ಎದುರು ಪಕ್ಷದ ವಕೀಲರು ಬೇರೆ ಥರ ಓದಬಹುದು ಎಂದೂ ಸೇರಿಸಿದರು. ವಕೀಲರು ಅಂದಮೇಲೆ ಅಷ್ಟು ಸೇರಿಸಲೇಬೇಕು.

ಕನ್ನಡದ ಕಥಾಸಂಕಲನಗಳ ಮೊದಲ ಪುಟಗಳಲ್ಲಿ ಒಂದು ಸಾಲು ಇರುತ್ತದೆ, ಗಮನಿಸಿದ್ದೀರಾ? ಈ ಕಥೆಗಳನ್ನು ಮೊದಲು ಪ್ರಕಟಿಸಿದ ಸುಧಾ, ಮಯೂರ, ತರಂಗ, ತುಷಾರ ಸಂಪಾದಕರಿಗೆ ವಂದನೆ ಎಂದೇನೋ. ಪಕ್ಕದ ಪುಟದಲ್ಲಿ ‘ಹಕ್ಕುಗಳು: ಲೇಖಕರವು’. ನಾವು ಅದನ್ನು ಬರೀ ಮರ್ಯಾದೆಯ ಮಾತು ಎಂದು ದಾಟಿ ಹೋಗುತ್ತಿದ್ದೆವು. ಕಥೆ ಪತ್ರಿಕೆಯಲ್ಲಿ ಒಮ್ಮೆ ಬಂದು ಲೇಖಕರ ಮನೆಗೆ ವಾಪಸ್ ಬಂದಿದೆ ಎಂಬುದರ ರಸೀದಿ ಅದು. ಅಡಿಗರ ಸಾಕ್ಷಿ, ಚಂಪಾ ಅವರ ಸಂಕ್ರಮಣ, ಅನಂತಮೂರ್ತಿಯವರ ರುಜುವಾತು ಇವುಗಳ ಹಳೆಯ ಸಂಚಿಕೆಗಳನ್ನು ನಾವು ಲೈಬ್ರರಿಯಲ್ಲಿ ಹೊಗಳಿಕೊಂಡು ಓದಿದವರು. ಅಲ್ಲಿ ಬಂದ ಬರಹಗಳು ಆಮೇಲೆ ಬರೆದವರ ಪುಸ್ತಕಗಳಲ್ಲಿ ಹೇಗೆ ಬಂದವು ಎಂದು ಮಾತ್ರ ಒಮ್ಮೆಯೂ ಕೇಳಿಕೊಂಡಿರಲಿಲ್ಲ.

ಸುದ್ದಿ ಬರೆಯುವ ನಮಗೂ ಒಂದು ಸಣ್ಣ ಆಶ್ಚರ್ಯ ಕಾದಿತ್ತು. 17ನೇ ಕಲಂ ಪ್ರಕಾರ ಪತ್ರಿಕೆಯ ನೌಕರಿಯಲ್ಲಿದ್ದು ಆ ಪತ್ರಿಕೆಗಾಗಿಯೇ ಬರೆದದ್ದಕ್ಕೆ, ಬೇರೆ ಒಪ್ಪಂದ ಇಲ್ಲದಿದ್ದರೆ, ಪತ್ರಿಕೆಗಳಲ್ಲಿ ಪ್ರಕಟಿಸುವ ಮಟ್ಟಿಗೆ ಮಾಲೀಕರು ಹಕ್ಕುದಾರರು. ಉಳಿದ ವಿಷಯದಲ್ಲಿ ಬರೆದವರೇ. ಹೊನ್ನಾಳಿ, ಜಗಳೂರು ಇಬ್ಬರೂ ಸುದ್ದಿಗಿಷ್ಟು ಎಂದು ದುಡ್ಡು ಪಡೆಯುವ ತಾಲ್ಲೂಕು ವರದಿಗಾರರು. ನೌಕರಿಯ ಆದೇಶ ಪತ್ರ ನೋಡಿದವರೇ ಅಲ್ಲ. ಪಿಎಫ್ ಇಲ್ಲ, ರಜೆ ಇಲ್ಲ, ಆದರೆ ತಮ್ಮ ಬರ ವರದಿಗಳ ಹಕ್ಕು ತಮ್ಮದೇ ಇರಬಹುದು ಎಂದು ತಿಳಿದು ಜಗಳೂರಿನವಳು, “ಅಯ್ಯೋ, ಕೊನೆಗೂ ಏನೋ ಒಂದು ಸಿಕ್ತಲ್ಲ” ಎಂದಳು.

ಚನ್ನಗಿರಿಯವಳು ಸಂಜೆ ಮನೆಗೆ ಹೋಗಿ ಅಪ್ಪನಿಗೆ ಇದನ್ನೆಲ್ಲ ಹೇಳಿದಾಗ ಅವರು ಕೇಳಿದ್ದು ಒಂದೇ ಪ್ರಶ್ನೆ: ಇದು ಮಕ್ಕಳಿಗೂ ಬರುತ್ತಾ? ಬರುತ್ತದೆ. ಬೇಂದ್ರೆ ತೀರಿಕೊಂಡದ್ದು 1981ರಲ್ಲಿ. ಅವರ ಕೃತಿಗಳ ಹಕ್ಕು 2041ರ ಕೊನೆಯವರೆಗೆ ಇರುತ್ತದೆ. ಉಯಿಲು ಬರೆದು ಬೇರೆಯವರಿಗೂ ಕೊಡಬಹುದು. ಶಿವರಾಮ ಕಾರಂತರು ತಮ್ಮ ಕೃತಿಗಳ ಹಕ್ಕನ್ನು ಉಯಿಲಿನಲ್ಲಿ ಬಿ. ಮಾಲಿನಿ ಮಲ್ಯ ಅವರಿಗೆ ಬರೆದಿದ್ದರು. ಕಾರಂತರು ರೂಪಿಸಿದ ಯಕ್ಷಗಾನ ಬ್ಯಾಲೆಯ ಪ್ರದರ್ಶನದ ಮೇಲೆ ತಕರಾರು ಎದ್ದು ಅದು ಸುಪ್ರೀಂ ಕೋರ್ಟ್‌ವರೆಗೆ ಹೋಯಿತು, ತೀರ್ಪು ಬಂದದ್ದು 2009ರಲ್ಲಿ. ಕಾರಂತರು ಹೋಗಿ ಹನ್ನೊಂದು ವರ್ಷ ದಾಟಿತ್ತು. ಅಪ್ಪ ಇದನ್ನು ಕೇಳಿ, “ಹಂಗಾದ್ರೆ ಇದಕ್ಕೂ ದಾಯಾದಿ ಜಗಳ ಇದೆ ಅನ್ನು” ಎಂದರಂತೆ. ಆ ಮಾತು ಬಂದ ಮೇಲೆ ಅವರಿಗೆ ಮಗಳ ಕಥೆಯ ಮೇಲೆ ಗೌರವ ಹೆಚ್ಚಾದದ್ದು ನಿಜ.

ಉತ್ತರ ಬರೆಯಲು ಆ ರಾತ್ರಿ ಕೂತೆವು. ಮೊದಲ ಕರಡನ್ನು ನ್ಯಾಮತಿಯವನು ಬರೆದ. ಅದು ಲಾಯರ್ ನೋಟಿಸಿನ ಹಾಗಿತ್ತು, ಕಲಂಗಳೇ ತುಂಬಿದ್ದವು. ಅದನ್ನು ಕಳಿಸಿದರೆ ಕಥೆಯನ್ನೇ ವಾಪಸ್ ಕಳಿಸುತ್ತಾರೆ ಎಂದು ಜಗಳೂರಿನವಳು ಅಳಿಸಿದಳು. ಎದುರಿಗಿರುವವರೂ ನಮ್ಮಂಥವರೇ. ಸಾಹಿತ್ಯ ಪತ್ರಿಕೆ ನಡೆಸಿ ಯಾರೂ ತೋಟ ಮಾಡಿಲ್ಲ. ಹಳೆಯ ಸಂಚಿಕೆಯನ್ನು ಆನ್‌ಲೈನ್‌ನಲ್ಲಿ ಇಡಬೇಕೆಂದರೆ ಅವರಿಗೂ ಒಂದು ಕಾಗದ ಬೇಕು, ನಾಳೆ ಯಾರೋ ಬಂದು ನನ್ನ ಕಥೆ ತೆಗೆಯಿರಿ ಎಂದರೆ ಕಷ್ಟ. ಅದಕ್ಕೆ ಎಷ್ಟು ಬೇಕೋ ಅಷ್ಟು ಕೊಡೋಣ ಎಂದುಕೊಂಡೆವು. ಕೊನೆಗೆ ಹೋದದ್ದು ಹೀಗಿತ್ತು. ಯಾರಿಗಾದರೂ ಬೇಕಾದರೆ ಬಳಸಿಕೊಳ್ಳಿ, ಇದಕ್ಕೆ ಹಕ್ಕಿನ ತಕರಾರಿಲ್ಲ:

‘ಕಥೆ ಒಪ್ಪಿಕೊಂಡದ್ದಕ್ಕೆ ತುಂಬಾ ಸಂತೋಷ. ಇದನ್ನು ನಿಮ್ಮ ಪತ್ರಿಕೆಯಲ್ಲಿ ಮೊದಲ ಬಾರಿಗೆ ಪ್ರಕಟಿಸುವ ಹಕ್ಕನ್ನೂ, ಆ ಸಂಚಿಕೆಯ ಡಿಜಿಟಲ್ ಪ್ರತಿಯಲ್ಲಿ ಮುಂದೆಯೂ ಇಟ್ಟುಕೊಳ್ಳುವ ಹಕ್ಕನ್ನೂ ಕೊಡುತ್ತೇನೆ. ಕೃತಿಸ್ವಾಮ್ಯ ನನ್ನಲ್ಲೇ ಉಳಿಯಲಿ ಎಂದು ಕೋರುತ್ತೇನೆ. ಪ್ರಕಟವಾಗಿ ಆರು ತಿಂಗಳ ಮೇಲೆ ನಿಮ್ಮ ಪತ್ರಿಕೆಯ ಹೆಸರು ನಮೂದಿಸಿ ನನ್ನ ಸಂಕಲನದಲ್ಲಿ ಸೇರಿಸಿಕೊಳ್ಳುವ ಅವಕಾಶವಿರಲಿ. ಪತ್ರದಲ್ಲಿ ಅಷ್ಟು ಬದಲಿಸಿ ಕಳುಹಿಸಿದರೆ ಅಂದೇ ಸಹಿ ಮಾಡುತ್ತೇನೆ.’

ಹನ್ನೊಂದು ದಿನ ಉತ್ತರ ಬರಲಿಲ್ಲ. ಆ ಹನ್ನೊಂದು ದಿನ ಅವಳು ನಮ್ಮೊಂದಿಗೆ ಸರಿಯಾಗಿ ಮಾತಾಡಲಿಲ್ಲ. ಐದನೆಯ ದಿನ ರಾತ್ರಿ, “ಸುಮ್ನೆ ಸಹಿ ಹಾಕಿದ್ರೆ ಆಗ್ತಿತ್ತು, ನಿಮ್ಮ ಮಾತು ಕೇಳಿ ಕೆಟ್ಟೆ” ಎಂದು ಗುಂಪಿನಲ್ಲಿ ಬರೆದು ಅಳಿಸಿದಳು. ನಾವು ಓದಿಯಾಗಿತ್ತು. ನಮಗೂ ಭಯವೇ. ಸೋತಿದ್ದರೆ ಸೋಲುತ್ತಿದ್ದದ್ದು ಅವಳ ಕಥೆ, ಸಲಹೆ ಕೊಟ್ಟ ನಮ್ಮದೇನೂ ಹೋಗುತ್ತಿರಲಿಲ್ಲ. ಆ ಮಾತು ಇಂದಿಗೂ ನಮ್ಮನ್ನು ಕುಟುಕುತ್ತದೆ.

ಹನ್ನೆರಡನೆಯ ದಿನ ಉಪಸಂಪಾದಕಿಯೊಬ್ಬರು ಫೋನ್ ಮಾಡಿದರು. ದನಿ ನಮ್ಮ ವಯಸ್ಸಿನದೇ. ಆ ಪಿಡಿಎಫ್ ಕಾನೂನು ವಿಭಾಗದವರು ಕೊಟ್ಟದ್ದು, ಎಲ್ಲರಿಗೂ ಅದೇ ಹೋಗುತ್ತದೆ, ಬಹಳ ಜನ ಓದದೆ ಸಹಿ ಮಾಡುತ್ತಾರೆ ಎಂದರಂತೆ. ಹೊಸ ಪತ್ರ ಒಂದೇ ಪುಟದ್ದು. ಕೃತಿಸ್ವಾಮ್ಯ ಲೇಖಕಿಯದು. ಆರು ತಿಂಗಳನ್ನು ಒಂದು ವರ್ಷ ಮಾಡಿದ್ದರು. ಆಡಿಯೊ ಹಕ್ಕನ್ನು ಮೂರು ವರ್ಷಕ್ಕೆ ಕೇಳಿದ್ದರು, ಆದರೆ ಅದರ ಹಿಂದೆ ‘ನಾನ್’ ಇತ್ತು. ಅವಳು ಅಪ್ಪನನ್ನು ಕೇಳಿದಳು. “ಮೂರು ಫಸಲು. ಕೊಡು, ಅವರೂ ಬದುಕ್ಕೊಳ್ಳಲಿ” ಎಂದರು. ಸಹಿ ಹಾಕಿದಳು. ಕಾರ್ತಿಕದಲ್ಲಿ ಕಥೆ ಬಂತು, ಚಿತ್ರದ ಸಮೇತ. ಚಿತ್ರದಲ್ಲಿ ಅಡಿಕೆ ಮರದ ಬದಲು ತೆಂಗಿನ ಮರ ಬರೆದಿದ್ದರು. ಅದಕ್ಕೆ ಯಾವ ಕಲಮೂ ಇಲ್ಲವಂತೆ.

ಹೊನ್ನಾಳಿಯವನು ಈ ವರ್ಷ ಯುಗಾದಿ ಕಳೆದ ಮೇಲೆ ತನ್ನ ಹಳೆಯ ಪತ್ರಿಕೆಗೆ ಒಂದು ಪುಟದ ಪತ್ರ ಬರೆದ. ನಿಯಮದಲ್ಲಿ ಅವಧಿ ಇರಲಿಲ್ಲ, ಐದು ವರ್ಷ ಮುಗಿದಿದೆ, ಕಥೆಯನ್ನು ನನ್ನದೆಂದು ತಿಳಿದು ಮುಂದೆ ಬಳಸುತ್ತೇನೆ, ತಮ್ಮ ಆಕ್ಷೇಪವಿದ್ದರೆ ತಿಳಿಸಿ. ಮೇಲ್ ಬೇಡ, ಅಂಚೆಯಲ್ಲೇ ಕಳಿಸು ಎಂದು ಮಾವ ಹೇಳಿದ್ದರು. ಸ್ಪೀಡ್ ಪೋಸ್ಟ್ ತಲುಪಿದೆ ಎಂದು ಫೋನಿನಲ್ಲಿ ತೋರಿಸುತ್ತಿದೆ. ಉತ್ತರ ಬಂದಿಲ್ಲ. ಹೋದ ವಾರ ಅವನ ಅಮ್ಮ ದೇವರ ಗೂಡು ಒರೆಸುವಾಗ ಆ ಸಂಚಿಕೆ ಕೆಳಗೆ ತೆಗೆದಿಟ್ಟಿದ್ದರಂತೆ. ಅವನು ಅದನ್ನು ಎತ್ತಿಕೊಂಡು ದೋಣಿಯ ಕಥೆಯನ್ನು ಮೊದಲಿನಿಂದ ಟೈಪ್ ಮಾಡಲು ಕೂತಿದ್ದಾನೆ. ನುಡಿಯಲ್ಲಿ ಬೇಡವೋ, ನೇರ ಯುನಿಕೋಡ್‌ನಲ್ಲೇ ಮಾಡು ಎಂದು ನಾವು ಮೂವರೂ ಹೇಳಿದ್ದೇವೆ.